ಬೋಗುಣಿಯ ಚಿತ್ರ

ನನ್ನ ಮಗಳು ಸಬೀನಾಳ ಬುದ್ಧಿ ಅರವತ್ತೆಂಟು. ಹಾಗಂತ ಕಾಗದದ ಮೇಲೆ ಬರೆದು, ಕೆಳಗೆ ದುಂಡನೆಯ ಮೊಹರು ಒತ್ತಿದ್ದರು. ಎಪ್ಪತ್ತು ದಾಟಿದ್ದರೆ ಎಲ್ಲ ಮಕ್ಕಳೂ ಹೋಗುವ ಶಾಲೆ. ದಾಟದಿದ್ದರೆ ವಿಶೇಷ ಶಾಲೆ. ವಿಶೇಷ ಎನ್ನುವುದು ಅವರ ಮಾತು. ನಮ್ಮ ಬೀದಿಯಲ್ಲಿ ಅದಕ್ಕೆ ಪೆದ್ದರ ಶಾಲೆ ಎನ್ನುತ್ತಾರೆ. ನಮ್ಮ ಬೀದಿಯ ಮಕ್ಕಳು ಹೆಚ್ಚುಕಡಿಮೆ ಎಲ್ಲರೂ ಅಲ್ಲಿಗೇ ಹೋಗುತ್ತಾರೆ. ನಾನೂ ಅಲ್ಲೇ ಎಂಟು ವರ್ಷ ಕೂತೆ.

ಸಬೀನಾಗೆ ಆರು ವರ್ಷ. ನಾವು ರೋಮಾ ಜನ, ಊರವರ ಬಾಯಲ್ಲಿ ಜಿಪ್ಸಿಗಳು. ನನ್ನ ಅತ್ತೆ ಎತೆಲಾ ಸ್ಲೊವಾಕಿಯಾದ ರೋಮಾ ಕೇರಿಯೊಂದರಿಂದ ಚೆಕ್ ದೇಶದ ಈ ಓಸ್ತ್ರವಾಕ್ಕೆ ಬಂದವರು. ಕಲ್ಲಿದ್ದಲಿನ ಊರಲ್ಲಿ ನಲವತ್ತು ವರ್ಷ ಕಳೆದರೂ ಅವರಿಗೆ ಚೆಕ್ ಭಾಷೆ ನೆಟ್ಟಗೆ ಬರುವುದಿಲ್ಲ. ಡಾಕ್ಟರ ಹತ್ತಿರ ಹೋದರೆ ಸಬೀನಾಳೇ ನಡುವೆ ನಿಂತು ಮಾತಾಡುತ್ತಾಳೆ. ಅಜ್ಜಿಯ ಮಂಡಿನೋವನ್ನು ಚೆಕ್ ಭಾಷೆಗೆ ಮಾಡುತ್ತಾಳೆ. ಡಾಕ್ಟರ ಗದರಿಕೆಯನ್ನು ನಮ್ಮ ಭಾಷೆಗೆ ಮಾಡುತ್ತಾಳೆ. ಗದರಿಕೆಯಲ್ಲಿ ಅರ್ಧ ಬಿಟ್ಟುಬಿಡುತ್ತಾಳೆ, ಅಜ್ಜಿಗೆ ಬೇಜಾರಾಗಬಾರದು ಅಂತ.

ಇದನ್ನು ಅಳೆಯುವ ಪ್ರಶ್ನೆ ಅವರ ಹತ್ತಿರ ಇರಲಿಲ್ಲ.

ಪರೀಕ್ಷೆ ನಡೆದದ್ದು ಏಪ್ರಿಲ್ಲಿನಲ್ಲಿ. ಮಕ್ಕಳ ಬುದ್ಧಿ ಅಳೆಯುವ ಕಚೇರಿ, ಎರಡನೇ ಮಹಡಿ. ಅಳೆಯುವವಳ ಹೆಸರು ಕೊಲಾರೊವಾ. ಒಳ್ಳೆಯ ಹೆಂಗಸು. ಮೆಲ್ಲಗೆ ಮಾತಾಡುವವಳು, ಮುಖದ ತುಂಬ ನಗು. ಕೆಟ್ಟವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಬಾಗಿಲು ಹಾಕಿಕೊಂಡಳು. ಐವತ್ತು ನಿಮಿಷ. ನಾನು ಆ ಕಾರಿಡಾರಿನ ನೆಲವನ್ನೇ ನೋಡುತ್ತ ಕೂತಿದ್ದೆ. ಸರಿಯಾಗಿ ಒರೆಸಿರಲಿಲ್ಲ. ಮೂಲೆಗಳಲ್ಲಿ ಕೊಳೆ ಹಾಗೇ ಇತ್ತು. ಒಂಬತ್ತು ಮಹಡಿಯ ಮೂರು ಕಟ್ಟಡಗಳ ಮೆಟ್ಟಿಲು ತೊಳೆಯುವುದು ನನ್ನ ಕೆಲಸ. ಮೇಲಿನಿಂದ ಕೆಳಕ್ಕೆ, ಮಂಡಿಯೂರಿ. ತೊಳೆಯುವ ಸೋಡಾದ ನೀರಿಗೆ ಬೆರಳ ಸಂದು ಒಡೆದು ಚಳಿಗಾಲದಲ್ಲಿ ರಕ್ತ ಬರುತ್ತದೆ. ಒಂದು ನೆಲವನ್ನು ಎಷ್ಟು ಸಲ ಒರೆಸಿದ್ದಾರೆ ಅಂತ ನೋಡಿದರೇ ಹೇಳಬಲ್ಲೆ.

ಸಬೀನಾ ಹೊರಗೆ ಬಂದಾಗ ತುಟಿ ಬಿಗಿದುಕೊಂಡಿದ್ದಳು. ಟ್ರಾಮಿನಲ್ಲಿ ಕೂತ ಮೇಲೆ ಕೇಳಿದೆ.

"ಹೆಂಗಿತ್ತು ಮಗಾ?"

"ಆ ಆಂಟಿ ಗಲೀಜು ಅಮ್ಮ."

"ಛೇ, ಹಂಗನ್ಬಾರದು."

"ಹೌದಮ್ಮ. ಸೂಪಿನ ಪಾತ್ರೆ ಜೊತೆ ಬಟ್ಟೆ ಒಗೆಯೋ ಬೋಗುಣಿ ಇಟ್ಟಿದ್ಲು. ಚಿತ್ರದಲ್ಲಿ. ನಾನು ತೆಗೆದು ಆ ಕಡೆ ಹಾಕ್ಬಿಟ್ಟೆ."

ನಾನು ನಕ್ಕೆ. ಅವಳ ನೆತ್ತಿಗೆ ಮುತ್ತು ಕೊಟ್ಟೆ. ಎಂಥ ಜಾಣೆ ನನ್ನ ಮಗಳು ಅಂದುಕೊಂಡೆ.

ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವ ಬೋಗುಣಿ ಬೇರೆ, ಬಟ್ಟೆ ಒಗೆಯುವ ಬೋಗುಣಿ ಬೇರೆ. ಎರಡೂ ಒಂದೇ ಅಂಗಡಿಯಿಂದ ತಂದಿರಬಹುದು, ಒಂದೇ ಬಣ್ಣದ್ದಿರಬಹುದು. ಆದರೆ ಒಳಚಡ್ಡಿ, ಕಾಲುಚೀಲ ಬಿದ್ದ ಬೋಗುಣಿ ಅಡುಗೆಮನೆಯ ಹೊಸಿಲು ದಾಟುವುದಿಲ್ಲ. ದಾಟಿದ ಮನೆಯಲ್ಲಿ ಯಾರೂ ನೀರು ಕುಡಿಯುವುದಿಲ್ಲ. ಆ ಮನೆಗೆ ಹೆಣ್ಣು ಕೊಡುವುದಿಲ್ಲ. ಇದನ್ನು ಮಕ್ಕಳಿಗೆ ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ನಡೆಯಲು ಕಲಿಯುವಾಗಲೇ ಕಲಿತಿರುತ್ತಾರೆ. ಪೇಪರಿನಲ್ಲಿ ನಮ್ಮನ್ನು ಕೊಳಕರು ಎಂದು ಬರೆಯುತ್ತಾರೆ. ಅಂಥವರು ಇರುವ ಕಟ್ಟಡಗಳನ್ನು ತೊಳೆಯುವ ನನಗೆ ಅವರ ಮೋರಿಯಲ್ಲಿ ಏನೇನು ಒಟ್ಟಿಗೆ ಬಿದ್ದಿರುತ್ತದೆ ಎಂದು ಗೊತ್ತು.

ಮೇ ತಿಂಗಳಲ್ಲಿ ಕರೆದರು. ಕೊಲಾರೊವಾ ಕಾಗದ ನನ್ನ ಕಡೆ ತಿರುಗಿಸಿದಳು. ವಿಶೇಷ ಶಾಲೆಗೆ ಒಪ್ಪಿಗೆಯೆಂದು ಸಹಿ ಎಲ್ಲಿ ಹಾಕಬೇಕೋ ಅಲ್ಲಿ ಪೆನ್ಸಿಲಿನಲ್ಲಿ ಮೊದಲೇ ಗುರುತು ಮಾಡಿದ್ದಳು.

"ಚೋಂಕೊವಾ ಅವರೇ, ಬೇಜಾರು ಮಾಡ್ಕೋಬೇಡಿ. ಮಗು ತುಂಬಾ ಮುದ್ದಾಗಿದೆ. ಆದ್ರೆ ಅವಳಿಗೆ ಸಾಮಾನ್ಯ ಶಾಲೆ ಕಷ್ಟ ಆಗುತ್ತೆ."

"ಏನು ಕಷ್ಟ?"

"ವಸ್ತುಗಳನ್ನ ಗುಂಪು ಮಾಡೋಕೆ ಬರಲ್ಲ. ನೋಡಿ, ಒಂದು ಉದಾಹರಣೆ ಹೇಳ್ತೀನಿ. ನಾಲ್ಕು ಚಿತ್ರ. ಪಾತ್ರೆ, ಲೋಟ, ಬೋಗುಣಿ, ಬೂಟು. ಸೇರದೆ ಇರೋದು ಒಂದನ್ನ ತೆಗಿ ಅಂದೆ. ಅವಳು ಎರಡು ತೆಗೆದ್ಲು. ಬೋಗುಣಿ, ಬೂಟು ಒಂದು ಕಡೆ. ಪಾತ್ರೆ, ಲೋಟ ಒಂದು ಕಡೆ. ಒಂದೇ ತೆಗೀಬೇಕು ಅಂತ ಮತ್ತೆ ಹೇಳ್ದೆ. ಸ್ವಲ್ಪ ಜೋರಾಗೇ ಹೇಳ್ದೆ. ಮತ್ತೆ ಅದೇ. ಆಮೇಲೆ ಹನ್ನೊಂದು ಪ್ರಶ್ನೆಗೆ ಬಾಯೇ ಬಿಡಲಿಲ್ಲ."

ನನಗೆ ಒಮ್ಮೆಲೇ ಎಲ್ಲ ತಿಳಿಯಿತು. ಹೇಳಿದೆ. ನಮ್ಮಲ್ಲಿ ಬೋಗುಣಿ ಬೇರೆ ಎಂದು ಹೇಳಿದೆ. ಬಟ್ಟೆಯದು ಬೂಟಿನ ಕಡೆಯದೇ, ಪಾತ್ರೆಯ ಕಡೆಯದಲ್ಲ ಎಂದು ಹೇಳಿದೆ. ನನ್ನ ಚೆಕ್ ಮಾತು ತಡವರಿಸುತ್ತಿತ್ತು. ಅವಳು ತಲೆಯಾಡಿಸುತ್ತ ಕೇಳಿದಳು. ಕೊನೆಗೆ ನಕ್ಕಳು.

"ಚೆನ್ನಾಗಿದೆ. ಆದ್ರೆ ಉತ್ತರದ ಪುಸ್ತಕದಲ್ಲಿ ಬೂಟು ಒಂದೇ ಇರೋದು. ಎಲ್ಲಾ ಮಕ್ಕಳಿಗೂ ಇದೇ ಪ್ರಶ್ನೆ, ಇದೇ ಉತ್ತರ. ಅದಕ್ಕೇ ಇದು ನ್ಯಾಯವಾದ ಪರೀಕ್ಷೆ."

"ಆ ಪುಸ್ತಕ ಬರೆದೋರು ಯಾರು?"

"ಪರಿಣತರು."

"ಅವರಲ್ಲಿ ರೋಮಾ ಯಾರಾದ್ರೂ ಇದ್ರಾ?"

ಅವಳು ಹಾಳೆ ಮಗುಚಿದಳು. ನೀರು ಕೊಟ್ಟರೂ ಮಗು ಕುಡಿಯಲಿಲ್ಲ, ಹೊಸಬರೊಡನೆ ಹೊಂದಿಕೊಳ್ಳುವುದಿಲ್ಲ ಎಂದು ಅಲ್ಲಿತ್ತು. ಮೂಲೆಯ ಸಿಂಕಿನಲ್ಲಿ ನೆಲ ಒರೆಸುವ ಬಟ್ಟೆ ಬಿದ್ದಿತ್ತು. ಅದರ ಪಕ್ಕದಲ್ಲೇ ಅವಳ ಲೋಟಗಳು.

"ನೋಡಿ," ಅಂದಳು ಕೊಲಾರೊವಾ, ಧ್ವನಿಯನ್ನು ಇನ್ನೂ ಮೆತ್ತಗೆ ಮಾಡಿ. "ಇದು ನಿಮ್ಮ ಮಗಳೊಬ್ಬಳ ವಿಷಯ ಅಲ್ಲ. ನಿಮ್ಮ ಜನರಲ್ಲಿ ಸರಾಸರಿನೇ ಕಡಿಮೆ ಬರುತ್ತೆ. ಎಷ್ಟೋ ವರ್ಷದಿಂದ ನೋಡ್ತಿದ್ದೀವಿ. ಅದಕ್ಕೆ ನಾಚಿಕೆ ಪಡೋದೇನಿಲ್ಲ. ನಿಮ್ಮವರಲ್ಲಿ ಬೇರೆ ಗುಣಗಳಿವೆ. ಸಂಗೀತ ಇದೆ."

ನಮ್ಮ ಮನೆಯಲ್ಲಿ ಯಾರಿಗೂ ಹಾಡಲು ಬರುವುದಿಲ್ಲ. ನನ್ನ ಗಂಡ ಗೇಜಾ ಸೀಟಿ ಹೊಡೆದರೂ ಅಪಸ್ವರ.

"ಮತ್ತೆ ಇದೂ ಇದೆ," ಅಂದಳು. ಕಾಗದದ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟಳು. ನಾನು ಅಕ್ಷರ ಅಕ್ಷರ ಕೂಡಿಸಿ ಓದಿದೆ. ತಾಯಿ: ವಿಶೇಷ ಶಾಲೆ.

ನನ್ನನ್ನು ಅಳೆದದ್ದು ಕಮ್ಯುನಿಸ್ಟರ ಕಾಲದಲ್ಲಿ. ದೊಡ್ಡವರು ಮಾತಾಡುವಾಗ ಬಾಯಿ ಹಾಕಬಾರದು ಎಂದು ನಮ್ಮಮ್ಮ ಹೇಳಿ ಕಳಿಸಿದ್ದಳು. ಬಾಯಿ ಹಾಕಲಿಲ್ಲ. ಮಂದಬುದ್ಧಿ ಎಂದು ಬರೆದರು. ಎಂಟು ವರ್ಷ ಒರೆಸುವ ಬಟ್ಟೆಗಳಿಗೆ ಅಂಚು ಹೊಲಿದೆ. ಶಾಲೆಯ ಅಡುಗೆಮನೆಗೆ ಆಲೂಗಡ್ಡೆ ಸುಲಿದೆ. ಮಗ್ಗಿ ಐದರವರೆಗೆ ಹೇಳಿಕೊಟ್ಟರು. ಆರರದ್ದು ಯಾವಾಗ ಎಂದು ಕೇಳಿದ್ದಕ್ಕೆ ಮಾಸ್ತರು, ಮೆಟ್ಟಿಲು ಎಣಿಸೋಕೆ ಐದರದ್ದು ಸಾಕು ಅಂದಿದ್ದರು. ಕ್ಲಾಸೆಲ್ಲ ನಕ್ಕಿತ್ತು. ನಾನೂ ನಕ್ಕಿದ್ದೆ. ಈಗ ದಿನಾ ಮೆಟ್ಟಿಲು ಎಣಿಸುತ್ತೇನೆ.

ಆವತ್ತು ನನಗೆ ಮಾಡಿದ ಅನ್ಯಾಯ ಇವತ್ತು ನನ್ನ ಮಗಳ ವಿರುದ್ಧ ಸಾಕ್ಷಿಯಾಗಿ ಕೂತಿತ್ತು. ಕೂರಿಸಿ ಕೇಳಿದ್ದು ಅವಳೊಬ್ಬಳನ್ನು. ಉತ್ತರ ಬರೆಯುವಾಗ ಮಾತ್ರ ನನ್ನನ್ನು, ಅತ್ತೆಯನ್ನು, ಇಡೀ ಬೀದಿಯನ್ನು ಅವಳ ತಲೆಯ ಮೇಲೆ ಹೇರಿದ್ದರು.

"ಇನ್ನೊಂದ್ಸಲ ನೋಡಿ ಮೇಡಂ," ಅಂದೆ. ಬೇಡಿಕೊಂಡೆ. ಎರಡೂ ಕೈ ಮೇಜಿನ ಮೇಲಿದ್ದವು. ಒಡೆದ ಬೆರಳುಗಳನ್ನು ಮಡಚಿಕೊಂಡೆ.

ಅವಳು ನಿಟ್ಟುಸಿರು ಬಿಟ್ಟು ಕ್ಯಾಲೆಂಡರ್ ನೋಡಿದಳು. "ಮೂರು ವಾರ ಬಿಟ್ಟು ಬನ್ನಿ. ಅದೇ ಪರೀಕ್ಷೆ. ಸಾಮಾನ್ಯವಾಗಿ ಏನೂ ಬದಲಾಗಲ್ಲ. ಆವತ್ತು ಸಹಿ ಹಾಕ್ಲೇಬೇಕು."

ಮನೆಯಲ್ಲಿ ಗೇಜಾ ಊಟಕ್ಕೆ ಕೂತಿದ್ದ. ರಸ್ತೆ ಅಗೆಯುವ ಕೆಲಸ ಅವನದು. ಹಾರೆ ಹಿಡಿದ ಕೈ ಸಂಜೆಯಾದರೂ ಪೂರ್ತಿ ಬಿಚ್ಚುವುದಿಲ್ಲ. ಚಮಚವನ್ನೂ ಹಾರೆಯ ಹಾಗೆ ಹಿಡಿಯುತ್ತಾನೆ. ಎಲ್ಲ ಕೇಳಿ, "ಸಹಿ ಹಾಕ್ಬಿಡು ಮಾರಾಯ್ತಿ" ಅಂದ.

"ನೀನೂ ಹಿಂಗಂತೀಯಾ?"

"ಅಲ್ಲಿ ನಮ್ಮ ಮಕ್ಕಳೇ ಇರೋದು. ಯಾರೂ ಹೊಡೆಯಲ್ಲ, ಯಾರೂ ಉಗಿಯಲ್ಲ. ಅವರ ಶಾಲೆಗೆ ಹಾಕಿದ್ರೆ ಇವಳೊಬ್ಬಳೇ. ನನ್ನ ತಮ್ಮ ಹೋಗಿದ್ನಲ್ಲ, ಜ್ಞಾಪಕ ಇಲ್ವಾ? ಅವನ ಪಕ್ಕ ಯಾರೂ ಕೂರ್ತಿರ್ಲಿಲ್ಲ. ಚೀಲಕ್ಕೆ ಉಚ್ಚೆ ಹೊಯ್ದು ಕಳಿಸಿದ್ರು."

"ಪೆದ್ದರ ಶಾಲೇಲಿ ಏನು ಕಲೀತಾಳೆ?"

"ನೀನು ಕಲಿತದ್ದು."

"ಅದಕ್ಕೇ ಹೇಳ್ತಿರೋದು."

ಅವನು ತಲೆ ತಗ್ಗಿಸಿ ಉಂಡ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ನನ್ನ ಸಂಕಟ.

ಅತ್ತೆ ಒಲೆಯ ಹತ್ತಿರ ರೊಟ್ಟಿ ತಿರುವುತ್ತಿದ್ದರು. ರೋಮಾ ಅಲ್ಲದ ಹೆಂಗಸಿಗೆ ನಮ್ಮಲ್ಲಿ ಗಾಜಿ ಎನ್ನುತ್ತಾರೆ. ಅತ್ತೆಗೆ ಕೇಳಿಸಿದ್ದು ಬೋಗುಣಿಯ ಮಾತು ಒಂದೇ.

"ಪಾತ್ರೆ ಜೊತೆ ಬೋಗುಣಿನಾ? ಆ ಗಾಜಿಗೆ ಅಮ್ಮ ಅನ್ನೋಳು ಇರ್ಲಿಲ್ವೇನೇ? ಅವಳನ್ನ ಹಾಕ್ಬೇಕು ಪೆದ್ದರ ಶಾಲೆಗೆ! ಮಾರ್ಗಿತಾ, ಅವಳ ಆಫೀಸಲ್ಲಿ ಏನಾದ್ರೂ ಬಾಯಿಗೆ ಹಾಕ್ಕೊಂಡ್ಯಾ?"

"ಇಲ್ಲ ಅತ್ತೆ."

"ಹಾಕ್ಕೊಂಡಿದ್ರೆ ಹೊರಗೇ ನಿಂತು ಬಾಯಿ ತೊಳಿ."

ಗೇಜಾ ಕೂಡ ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ.

ಮರುದಿನದಿಂದ ಸಬೀನಾಳಿಗೆ ಪಾಠ ಶುರು ಮಾಡಿದೆ. ಕೆಲಸದಿಂದ ಬಂದು, ಆಲೂಗಡ್ಡೆ ಬೇಯಲು ಇಟ್ಟು, ಅದು ಬೇಯುವವರೆಗೆ. ಬಣ್ಣ, ಆಕಾರ, ಅಂಕಿ, ವಾರದ ದಿನಗಳು, ಎಲ್ಲ ಚೆಕ್ ಭಾಷೆಯಲ್ಲಿ. ಎಲ್ಲವನ್ನೂ ಹೇಳಿದಳು. ನನಗಿಂತ ಬೇಗ ಹೇಳಿದಳು. ಉಳಿದದ್ದು ಅದೊಂದೇ. ಬೋಗುಣಿ.

ಚಿತ್ರ ಬರೆಯಲು ನನಗೆ ಬರುವುದಿಲ್ಲ. ಅತ್ತೆ ಪಕ್ಕದ ಮನೆಗೆ ಹೋಗಿದ್ದಾಗ ಸೂಪಿನ ಪಾತ್ರೆಯನ್ನು ಅಡುಗೆಮನೆಯ ನೆಲದ ಮೇಲಿಟ್ಟೆ. ಪಕ್ಕದಲ್ಲಿ ಲೋಟ. ಗೇಜಾನ ಬೂಟು. ಆಮೇಲೆ ಬಚ್ಚಲಿಗೆ ಹೋಗಿ ಬಟ್ಟೆಯ ಬೋಗುಣಿ ತಂದೆ. ಹೊಸಿಲ ಹತ್ತಿರ ಕಾಲು ತಾನಾಗಿ ನಿಂತಿತು. ದಾಟಿಸಿದೆ. ಪಾತ್ರೆಯ ಪಕ್ಕದಲ್ಲಿಟ್ಟೆ.

ಸಬೀನಾ ಗೋಡೆಗೆ ಒತ್ತಿಕೊಂಡಳು.

"ಅಮ್ಮ, ಛೀ!"

"ಆಟ ಮಗಾ ಇದು. ಸೇರದೆ ಇರೋದು ಒಂದನ್ನ ತೆಗಿ."

ಓಡಿ ಬಂದು ಎರಡೂ ಕೈಯಲ್ಲಿ ಬೋಗುಣಿ ಎಳೆದಳು. ಬೂಟನ್ನು ಅದರೊಳಗೆ ಹಾಕಿದಳು. ದೂರ ತಳ್ಳಿದಳು.

"ಒಂದೇ ತೆಗೀಬೇಕು. ಬೂಟು ಮಾತ್ರ."

"ಇದನ್ನೂ ತೆಗೀಬೇಕಲ್ಲಮ್ಮ."

"ಬೂಟು ಮಾತ್ರ ಅಂದೆ."

ಮತ್ತೆ ಇಟ್ಟೆ. ಮತ್ತೆ ಎಳೆದಳು. ಮೂರನೇ ಸಲ ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ. ಗಟ್ಟಿಯಾಗಿ ಹಿಡಿದೆ. ಯಾವತ್ತೂ ಹಾಗೆ ಹಿಡಿದವಳಲ್ಲ. ಅವಳು ನನ್ನ ಮುಖ ನೋಡಿದಳು. ಮೆಲ್ಲಗೆ ಬೂಟೊಂದನ್ನೇ ತೆಗೆದು ಆ ಕಡೆ ಇಟ್ಟಳು.

"ಈ ಮೂರೂ ಏನು?"

"ಒಂದೇ ಜಾತಿ," ಅಂದಳು. ಧ್ವನಿಯೇ ಇರಲಿಲ್ಲ.

"ಜಾಣೆ," ಅಂದೆ ನಾನು.

ತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತೆ. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಒಳಗೆ ಬಂದು ಸೂಪಿನ ಪಾತ್ರೆ ಎತ್ತಿಕೊಂಡರು. ನಾಲ್ಕು ಮಹಡಿ ಇಳಿದು ಹೋದರು, ಆ ಮಂಡಿನೋವಿನಲ್ಲಿ. ಅಂಗಳದ ಕಸದ ಡಬ್ಬಿಯಲ್ಲಿ ಪಾತ್ರೆ ಬಿದ್ದ ಸದ್ದು ಮೇಲೆ ನನಗೆ ಕೇಳಿಸಿತು. ಅದು ಅವರ ಅಮ್ಮ ಕೊಟ್ಟ ಪಾತ್ರೆ. ಊರಿಂದ ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದದ್ದು.

ಸಬೀನಾ ಆವತ್ತು ಉಣ್ಣಲಿಲ್ಲ. ಹಸಿವಿಲ್ಲ ಅಂದಳು. ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತಲೇ ಇದ್ದಳು. ಸಾಬೂನು ಹಾಕಿ ತೊಳೆದೆ. ಆಗ ಕೇಳಿದಳು.

"ಅಮ್ಮ, ಹಂಗೆ ಅಲ್ಲಿ ಹೇಳೋಕೆ ಮಾತ್ರಾನಾ? ಇಲ್ಲಾ ಇನ್ಮೇಲೆ ನಮ್ಮನೇಲೂ ಹಂಗೇನಾ?"

ನೀರು ಹರಿಯುತ್ತಿತ್ತು. ಅವಳ ಮಣಿಕಟ್ಟಿನಲ್ಲಿ ನನ್ನ ಬೆರಳಿನ ಗುರುತು ಕೆಂಪಗೆ ಮೂಡಿತ್ತು.

ನನ್ನ ಮೇಲೇ ನನಗೆ ಹೇಸಿಗೆಯಾಯಿತು. ತೊಳೆದು ತೊಳೆದು ನನ್ನ ಚರ್ಮ ಒಡೆದಿದೆ. ನನ್ನ ಮಗಳ ತಲೆಯಲ್ಲಿ ಒಂದು ಹೇನಿಲ್ಲ. ನನ್ನ ನೆಲದ ಮೇಲೆ ಅನ್ನ ಬಡಿಸಿ ಉಣ್ಣಬಹುದು. ಆದರೂ ಬುದ್ಧಿವಂತರು ಎನಿಸಿಕೊಳ್ಳಲು ನಾವು ಮೊದಲು ಹೊಲಸು ಕಲಿಯಬೇಕು. ಕಲಿತ ಮೇಲೆ ಅದೇ ಜನ ನಮ್ಮನ್ನು ಹೊಲಸರು ಎನ್ನುತ್ತಾರೆ. ಎರಡು ಕಡೆಯಿಂದಲೂ ಹೊಡೆತ ನಮಗೇ. ಯಾವ ಪುಸ್ತಕದಲ್ಲಿದೆ ಇದಕ್ಕೆ ಉತ್ತರ?

ಮೂರು ವಾರ ಮುಗಿಯಿತು. ಆವತ್ತು ಬೆಳಿಗ್ಗೆ ಸಬೀನಾಳಿಗೆ ಜಡೆ ಹಾಕಿದೆ. ಬಚ್ಚಲಿಗೆ ಹೋಗಿ ಬೋಗುಣಿ ತೆಗೆದುಕೊಂಡೆ. ಹಿಂದಿನ ದಿನ ಅದರಲ್ಲಿ ಗೇಜಾನ ಕಾಲುಚೀಲ ನೆನೆಸಿದ್ದೆ. ತೊಳೆಯಲಿಲ್ಲ. ಟ್ರಾಮಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಎದುರಿಗೆ ಕೂತ ಮುದುಕ ಮೂಗು ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದ.

"ಇದ್ಯಾಕಮ್ಮ ತಂದೆ?" ಅಂದಳು ಸಬೀನಾ.

"ಬಾ ಹೇಳ್ತೀನಿ."

ಕೊಲಾರೊವಾ ಹತ್ತು ಗಂಟೆಯ ತಿಂಡಿ ತಿನ್ನುತ್ತಿದ್ದಳು. ಕಾಗದದ ಮೇಲೆ ಬ್ರೆಡ್ಡು, ಬೆಣ್ಣೆ, ಮೂಲಂಗಿಯ ಬಿಲ್ಲೆಗಳು. ಪಕ್ಕದಲ್ಲಿ ಹಬೆಯಾಡುವ ಕಾಫಿ. ಬಾಯಿ ಒರೆಸಿಕೊಂಡು ನಕ್ಕಳು.

"ಬನ್ನಿ ಬನ್ನಿ. ನೀವು ಹೊರಗಿರಿ, ಮಗು ಇಲ್ಲಿ ಕೂತ್ಕೊಳ್ಲಿ."

"ನನ್ನ ಮಗಳು ಇವತ್ತು ಉತ್ತರ ಕೊಡಲ್ಲ. ನೀವು ಕೊಡಿ."

"ಅಂದ್ರೆ?"

ಬೋಗುಣಿಯನ್ನು ಮೇಜಿನ ಮೇಲಿಟ್ಟೆ. ಅವಳ ಬ್ರೆಡ್ಡಿಗೂ ಕಾಫಿಗೂ ನಡುವೆ. ಅದರ ವಾಸನೆ ಎದ್ದಿತು.

ಅವಳ ಕೈ ತಟ್ಟನೆ ಮುಂದೆ ಬಂತು. ಯೋಚಿಸಲಿಕ್ಕೆ ಮೊದಲೇ ಬಂತು. ಒಂದು ಕೈ ಬ್ರೆಡ್ಡನ್ನು ಎಳೆದುಕೊಂಡಿತು. ಇನ್ನೊಂದು ಕೈ ಲೋಟವನ್ನು ಎದೆಗೆ ಹಿಡಿದುಕೊಂಡಿತು. ಕಾಫಿ ಅವಳ ಬಿಳಿ ಅಂಗಿಯ ಮೇಲೆ ಚೆಲ್ಲಿತು.

"ಏನಿದು! ತೆಗೀರಿ ಇದನ್ನ!"

"ಯಾಕೆ? ಒಂದೇ ಜಾತಿ ಅಲ್ವಾ? ಪಾತ್ರೆ, ಲೋಟ, ಬೋಗುಣಿ."

"ಅದು ಚಿತ್ರ! ಇದು..."

"ನನ್ನ ಮಗಳಿಗೆ ಚಿತ್ರ ನೋಡಿದ್ರೆ ಸಾಕು ಗೊತ್ತಾಗುತ್ತೆ. ನಿಮಗೆ ವಾಸನೆ ಬರ್ಬೇಕಾಯ್ತು. ಈಗ ಹೇಳಿ ಮೇಡಂ. ನಿಮ್ದು ಎಷ್ಟು? ಬರ್ಕೊಳ್ಳಿ."

ಅವಳ ಮುಖ ಕೆಂಪಾಯಿತು. ಮೊದಲ ಸಲ ನಗು ಹೋಯಿತು. ಲೋಟ ಇನ್ನೂ ಎದೆಯ ಹತ್ತಿರವೇ ಇತ್ತು. ಕೆಳಗಿಡಲು ಜಾಗವಿರಲಿಲ್ಲ.

"ಇಂಥ ವರ್ತನೆಯಿಂದ ನಿಮ್ಮ ಮಗಳಿಗೇ ತೊಂದರೆ. ಸಹಿ ಹಾಕಿ ಹೋಗಿ. ಹಾಕದಿದ್ರೂ ಯಾವ ಶಾಲೆಯವರೂ ಸೇರಿಸ್ಕೊಳ್ಳಲ್ಲ."

ಪೆನ್ನು ಅಲ್ಲೇ ಇತ್ತು. ಪೆನ್ಸಿಲಿನ ಗುರುತೂ ಇತ್ತು. ನಮ್ಮಮ್ಮ ನನಗಾಗಿ ಅಂಥದೇ ಗುರುತಿನ ಮೇಲೆ ಸಹಿ ಮಾಡಿದ್ದಳು. ಓದಲು ಬರದೆ, ನಾಚಿಕೊಂಡು, ಥ್ಯಾಂಕ್ಸ್ ಬೇರೆ ಹೇಳಿ ಬಂದಿದ್ದಳು.

"ಹಾಕಲ್ಲ," ಅಂದೆ.

"ಚೋಂಕೊವಾ ಅವರೇ..."

"ಹಾಕಲ್ಲ. ಇವತ್ತೂ ಹಾಕಲ್ಲ, ನಾಳೆನೂ ಹಾಕಲ್ಲ. ನನ್ನನ್ನ ಒಂದ್ಸಲ ಅಳೆದ್ರಿ, ಸಾಕು."

ಬೋಗುಣಿ ಎತ್ತಿಕೊಂಡೆ. ಬಾಗಿಲು ಮುಚ್ಚುವಾಗ ಅವಳು ಬೇಗಬೇಗ ಏನೋ ಬರೆಯುತ್ತಿದ್ದಳು. ಏನು ಬರೆದಳು ಎಂದು ಆಮೇಲೆ ಗೊತ್ತಾಯಿತು. ತಾಯಿ ಜಗಳಗಂಟಿ, ಮನೆಯ ವಾತಾವರಣ ಮಗುವಿನ ಬೆಳವಣಿಗೆಗೆ ತಕ್ಕುದಲ್ಲ.

ಮೆಟ್ಟಿಲಿಳಿಯುವಾಗ ಸಬೀನಾ ನನ್ನ ಸ್ಕರ್ಟಿನ ತುದಿ ಹಿಡಿದಿದ್ದಳು.

"ಅಮ್ಮ, ಆಂಟಿಗೂ ಗೊತ್ತಿತ್ತು ಅಲ್ವಾ?"

"ಗೊತ್ತಿತ್ತು ಮಗಾ."

"ಮತ್ತೆ ನಂಗ್ಯಾಕೆ ಬೈದ್ಲು?"

ಬೇಸಿಗೆಯೆಲ್ಲ ಅಲೆದೆ. ಒಂದು ಶಾಲೆಯಲ್ಲಿ ಸೀಟು ತುಂಬಿದೆ ಅಂದರು. ಇನ್ನೊಂದರಲ್ಲಿ ಬುದ್ಧಿಯ ಕಾಗದ ತನ್ನಿ ಅಂದರು. ಕಾಗದ ತೋರಿಸಿದರೆ, ಅದನ್ನು ಓದಿ ನನ್ನ ಕೈ ನೋಡಿದರು. ಗೇಜಾ ನನ್ನೊಡನೆ ಹತ್ತು ದಿನ ಮಾತಾಡಲಿಲ್ಲ. ಹನ್ನೊಂದನೇ ದಿನ ಕೆಲಸದಿಂದ ಬರುವಾಗ ಒಂದು ಹೊಸ ಪಾತ್ರೆ ತಂದ. ಅತ್ತೆ ಅದನ್ನು ಮೂರು ಸಲ ಕುದಿಸಿದರು.

ಸೆಪ್ಟೆಂಬರ್ ಒಂದು. ಊರಿನ ಮಕ್ಕಳೆಲ್ಲ ಟೀಚರಿಗೆ ಹೂವು ಹಿಡಿದುಕೊಂಡು ಶಾಲೆಗೆ ಹೋಗುವ ದಿನ. ಸಬೀನಾಳ ಕೈಯಲ್ಲೂ ಸೇವಂತಿಗೆ. ಬೆನ್ನಿಗೆ ಚೀಲ. ಅದರೊಳಗೆ ಅಜ್ಜಿ ಕಟ್ಟಿಕೊಟ್ಟ ರೊಟ್ಟಿ. ನಮ್ಮ ಮನೆಗೆ ಹತ್ತಿರದ ಶಾಲೆ. ಹೆಡ್‌ಮಾಸ್ತರು ಬಾಗಿಲಲ್ಲೇ ನಿಂತಿದ್ದರು. ಎಲ್ಲರ ಕೈ ಕುಲುಕುತ್ತಿದ್ದರು. ನಮ್ಮನ್ನು ಕಂಡು ಕೈ ಹಿಂದಕ್ಕೆ ಕಟ್ಟಿಕೊಂಡರು.

"ಆಗ್ಲೇ ಹೇಳಿದ್ದೀನಲ್ಲಮ್ಮ. ಕಾಗದದಲ್ಲಿ ಸ್ಪಷ್ಟವಾಗಿದೆ."

"ನಾನು ಸಹಿ ಹಾಕಿಲ್ಲ. ಸಹಿ ಇಲ್ಲದೆ ಆ ಶಾಲೆಗೆ ನೀವು ಕಳಿಸೋ ಹಾಗಿಲ್ಲ."

"ಸೇರಿಸ್ಕೊಳ್ಳೋಕೂ ಆಗಲ್ಲ."

"ಹಾಗಾದ್ರೆ ಇಲ್ಲೇ ಕೂರ್ತೀವಿ."

ಒಳಗೆ ಹೋಗಿ ಮೆಟ್ಟಿಲ ಮೇಲೆ ಕೂತೆವು. ಮೆಟ್ಟಿಲು ನನಗೆ ಹೊಸದಲ್ಲ. ಇಪ್ಪತ್ತೆರಡು ಮೆಟ್ಟಿಲು. ಮಕ್ಕಳು ನಮ್ಮನ್ನು ಬಳಸಿಕೊಂಡು ಮೇಲೆ ಹತ್ತಿದರು. ಒಬ್ಬ ತಾಯಿ ತನ್ನ ಮಗಳನ್ನು ಗೋಡೆಯ ಕಡೆಗೆ ಎಳೆದುಕೊಂಡಳು. ಜವಾನ ಬಂದು, ಏಳಿ, ದಾರಿಗೆ ಅಡ್ಡ ಆಗ್ತಿದೆ ಅಂದ. ಸಬೀನಾ ಸರಿದು ನನಗೆ ಒತ್ತಿ ಕೂತಳು. ಹೂವನ್ನು ತೊಡೆಯ ಮೇಲೆ ನೆಟ್ಟಗೆ ಹಿಡಿದಿದ್ದಳು.

"ಅಮ್ಮ, ನಮ್ಮ ಟೀಚರ್ ಯಾರು?"

"ಇನ್ನೂ ಬಂದಿಲ್ಲ ಮಗಾ."

ಗಂಟೆ ಹೊಡೆಯಿತು. ಕ್ಲಾಸುಗಳ ಬಾಗಿಲು ಒಂದೊಂದಾಗಿ ಮುಚ್ಚಿಕೊಂಡವು. ಹೆಡ್‌ಮಾಸ್ತರು ಮೇಲಿನಿಂದ ಇಣುಕಿ ನೋಡಿದರು.

ನಾವು ಏಳಲಿಲ್ಲ.